ನೆನಪಿನ ಮನೆಯ ಬಾಡಿಗೆ ಕಟ್ಟಿದವರು ಯಾರು?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕಾಲಕ್ಕೂ ಅನ್ವಯಿಸಿ ನೋಡಬಯಸುವವರು ಇಂದಿನ ಬ್ರಿಟನ್ನಿನತ್ತ ಒಮ್ಮೆ ಕಣ್ಣು ಹಾಯಿಸಬಹುದು. ಎರಡನೇ ಮಹಾಯುದ್ಧ ಮುಗಿದು ಎಂಟು ದಶಕಗಳು ಕಳೆದಿವೆ. ಯುದ್ಧಾನಂತರದ ಹತ್ತು ಹದಿನೈದು ವರ್ಷಗಳಲ್ಲಿ ಅಲ್ಲಿನ ಗಿರಣಿ, ಗಣಿ, ಬಂದರುಗಳ ಕಾರ್ಮಿಕರು ಬಾಳಿದ ಮನೆಗಳು ಈಗ ವಸ್ತುಸಂಗ್ರಹಾಲಯಗಳಾಗಿವೆ. ಪ್ರಭುಗಳ ಬಂಗಲೆಗಳನ್ನು ಕಾಪಾಡುವುದಕ್ಕೇ ಹೆಸರಾದ ನ್ಯಾಷನಲ್ ಟ್ರಸ್ಟ್, ಲಿವರ್‌ಪೂಲ್ ನಗರಾಡಳಿತ ಕಟ್ಟಿಸಿದ ಒಂದು ಸಾಧಾರಣ ಬಾಡಿಗೆ ಮನೆಯನ್ನು 1998ರಲ್ಲಿ ಸಾರ್ವಜನಿಕರ ವೀಕ್ಷಣೆಗೆ ತೆರೆಯಿತು. ಸಂಗೀತಗಾರ ಪಾಲ್ ಮೆಕಾರ್ಟ್ನಿ ಬೆಳೆದ ಮನೆ ಅದು. 2004ರಲ್ಲಿ ಅದೇ ಸಂಸ್ಥೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಉಳಿದಿದ್ದ, ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಕಾರ್ಮಿಕರ ಮನೆಗಳ ಕೊನೆಯ ವಠಾರವೊಂದನ್ನು ದುರಸ್ತಿ ಮಾಡಿ ತೋರಿಸತೊಡಗಿತು. ಡರ್‌ಹ್ಯಾಮ್ ಪ್ರಾಂತದ ಬೀಮಿಶ್ ಬಯಲು ವಸ್ತುಸಂಗ್ರಹಾಲಯವಂತೂ 1950ರ ದಶಕದ ಒಂದು ಪೇಟೆಯನ್ನೇ ಮರುನಿರ್ಮಿಸಿದೆ.

ಇದಕ್ಕೆ ಜೊತೆಯಾಗಿ ಆತ್ಮಕಥೆಗಳ ಸುಗ್ಗಿಯೂ ಉಂಟು. ಲಂಡನ್ನಿನ ಪೂರ್ವಭಾಗದ ಸೂಲಗಿತ್ತಿಯೊಬ್ಬರ ನೆನಪುಗಳನ್ನು ಆಧರಿಸಿದ 'ಕಾಲ್ ದ ಮಿಡ್‌ವೈಫ್' ಧಾರಾವಾಹಿ 2012ರಲ್ಲಿ ಬಿಬಿಸಿಯಲ್ಲಿ ಆರಂಭವಾಗಿ ಅಪಾರ ಜನಪ್ರಿಯತೆ ಗಳಿಸಿತು. ಇಂಥ ಬರಹಗಳಲ್ಲಿ, ಮಾತುಗಳಲ್ಲಿ ಒಂದು ಪಲ್ಲವಿ ಮತ್ತೆ ಮತ್ತೆ ಕೇಳುತ್ತದೆ: ನಮ್ಮ ಬಳಿ ಏನೂ ಇರಲಿಲ್ಲ, ಆದರೂ ಸುಖವಾಗಿದ್ದೆವು, ಯಾರೂ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ, ನೆರೆಯವರ ಮಕ್ಕಳು ನಮ್ಮ ಮಕ್ಕಳೇ ಆಗಿದ್ದರು. ವಠಾರಗಳಲ್ಲಿ ಬೆಳೆದ ನಮ್ಮ ಪೀಳಿಗೆಯವರಿಗೆ ಈ ಪಲ್ಲವಿ ಅಪರಿಚಿತವೇನಲ್ಲ.

ಹಿರಿಯರ ನೆನಪುಗಳಿಗೆ ಯಾರೂ ತಕರಾರು ಮಾಡಬೇಕಿಲ್ಲ. ಆದರೆ ನೆನಪು ಮನೆಯೊಳಗೆ ಉಳಿಯದೆ ರಾಜಕೀಯದ ವಾದವಾಗಿ ಹೊರಬಂದಾಗ ಅದನ್ನು ತಪಾಸಣೆಗೆ ಒಳಪಡಿಸುವುದು ಅಗತ್ಯ. ಬಡತನದಲ್ಲೂ ಜನ ಸುಖವಾಗಿದ್ದರು ಎಂದಾದರೆ ಬಡತನ ನಿವಾರಣೆಗೆ ಸರ್ಕಾರ ಇಷ್ಟೊಂದು ಖರ್ಚು ಮಾಡುವುದೇಕೆ ಎಂಬ ಪ್ರಶ್ನೆ ಬಲು ಸುಲಭವಾಗಿ ಅದರ ಬೆನ್ನಿಗೇ ಬರುತ್ತದೆ. ಕೈ ನೀಡಿದ್ದರಿಂದಲೇ ಜನ ಸೋಮಾರಿಗಳಾದರು, ಕುಟುಂಬ ಒಡೆಯಿತು ಎಂಬ ತೀರ್ಮಾನ ಅದರ ಮುಂದಿನ ಹೆಜ್ಜೆ. ಅರ್ಥಶಾಸ್ತ್ರ ಓದಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಈ ವಾದ ಇಲ್ಲಿಯೂ ಕೇಳಿ ಕೇಳಿ ಪರಿಚಿತ. ಆದ್ದರಿಂದಲೇ ಆ ಬ್ರಿಟಿಷ್ ಮನೆಯೊಳಗೆ ನಿಜಕ್ಕೂ ಏನಿತ್ತು, ಅದರ ಸುಖಕ್ಕೆ ಆಧಾರ ಯಾವುದಾಗಿತ್ತು ಎಂದು ವಿಚಾರಿಸುವುದು ವ್ಯರ್ಥವಲ್ಲವೆಂದು ಭಾವಿಸಿದ್ದೇನೆ.

ಮೊದಲು ಮನೆಯನ್ನು ನೋಡೋಣ. ಉತ್ತರ ಇಂಗ್ಲೆಂಡಿನ ಕೈಗಾರಿಕಾ ನಗರಗಳಲ್ಲಿ ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲುಗಳು. ಕೆಳಗೆ ಎರಡು ಕೋಣೆ, ಮೇಲೆ ಎರಡು. ಅಡುಗೆ, ಊಟ, ಬಟ್ಟೆ ಒಣಗಿಸುವಿಕೆ, ಮಕ್ಕಳ ಓದು ಎಲ್ಲವೂ ಕಲ್ಲಿದ್ದಲ ಒಲೆಯಿದ್ದ ಹಿಂದಿನ ಕೋಣೆಯಲ್ಲಿ. ಮುಂಬದಿಯ ಕೋಣೆ ಹಬ್ಬಕ್ಕೆ, ಸಾವಿಗೆ, ಪಾದ್ರಿಯ ಭೇಟಿಗೆ ಮೀಸಲು. ಹಿತ್ತಿಲ ಗೋಡೆಯ ಮೊಳೆಗೆ ತೂಗುಹಾಕಿದ್ದ ತಗಡಿನ ತೊಟ್ಟಿಯನ್ನು ವಾರಕ್ಕೊಮ್ಮೆ ಒಲೆಯ ಮುಂದೆ ಇಳಿಸಿ, ಒಂದೇ ನೀರಿನಲ್ಲಿ ಮನೆಮಂದಿ ಸರದಿಯಂತೆ ಸ್ನಾನ ಮಾಡುತ್ತಿದ್ದರು. ಶೌಚಾಲಯ ಹಿತ್ತಿಲಲ್ಲಿ. ಅಲ್ಲಿ ಹಳೆಯ ಪತ್ರಿಕೆಯ ತುಂಡುಗಳು ದಾರಕ್ಕೆ ಪೋಣಿಸಿಕೊಂಡು ನೇತಾಡುತ್ತಿದ್ದವು. 1951ರ ಜನಗಣತಿಯ ಪ್ರಕಾರ ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಟುಂಬಗಳಿಗೆ ಸ್ನಾನದ ಮನೆಯೆಂಬುದೇ ಇರಲಿಲ್ಲ. ಅರ್ಧ ಜಗತ್ತನ್ನು ಆಳಿ, ಯುದ್ಧ ಗೆದ್ದ ದೇಶದ ಸ್ಥಿತಿ ಅದು.

ವಾರಕ್ಕೊಂದು ಕಟ್ಟಳೆಯಿತ್ತು. ಸೋಮವಾರ ಬಟ್ಟೆ ಒಗೆಯುವ ದಿನ. ತಾಮ್ರದ ಹಂಡೆಯಲ್ಲಿ ನೀರು ಕುದಿಸಿ, ಪೀಪಾಯಿಯಲ್ಲಿ ಬಟ್ಟೆ ಕುಕ್ಕಿ, ಎರಡು ಉರುಳೆಗಳ ನಡುವೆ ಹಿಂಡಿ, ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಒಣಹಾಕುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಆ ದಿನ ಊಟಕ್ಕೆ ಭಾನುವಾರದ ಮಾಂಸದ ಉಳಿಕೆ. ನಮ್ಮ ಹೆಂಗಸರು ಹೊಸ್ತಿಲು ಸಾರಿಸುವಂತೆ ಅಲ್ಲಿನ ಹೆಂಗಸರು ಬಾಗಿಲ ಮೆಟ್ಟಿಲನ್ನು ಮಂಡಿಯೂರಿ ತಿಕ್ಕಿ, ಅದರ ಅಂಚಿಗೆ ಸುಣ್ಣದಂಥ ಕಲ್ಲಿನಿಂದ ಬಿಳಿ ಗೆರೆ ಎಳೆಯುತ್ತಿದ್ದರು. ಮೆಟ್ಟಿಲು ಕೊಳೆಯಾಗಿದ್ದರೆ ಬೀದಿಯಲ್ಲಿ ಮಾನ ಹೋದಂತೆ. ಸಂಬಳ ಕೈಸೇರಿದ ವಾರಾಂತ್ಯಕ್ಕೆ ಕರಿದ ಮೀನು, ಆಲೂಗಡ್ಡೆ. ವಾರದ ಕೊನೆಯಲ್ಲಿ ದುಡ್ಡು ಮುಗಿದರೆ ಗಂಡನ ಒಳ್ಳೆಯ ಸೂಟು ಗಿರವಿ ಅಂಗಡಿ ಸೇರುವುದೂ ಇತ್ತು. ಸಹಕಾರ ಸಂಘದ ಅಂಗಡಿ ಕೊಡುತ್ತಿದ್ದ ಲಾಭಾಂಶದಿಂದ ಮಕ್ಕಳ ಚಳಿಗಾಲದ ಬೂಟು ಬರುತ್ತಿತ್ತು.

ಈ ಲೋಕವನ್ನು ಮರೆಯಲಾಗದಂತೆ ದಾಖಲಿಸಿದವರು ರಿಚರ್ಡ್ ಹಾಗರ್ಟ್. ಲೀಡ್ಸ್ ನಗರದ ಹನ್ಸ್‌ಲೆಟ್ ಎಂಬ ಕಾರ್ಮಿಕ ಬಡಾವಣೆಯಲ್ಲಿ, ತಂದೆ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದ ಅವರು ಮುಂದೆ ಪ್ರಾಧ್ಯಾಪಕರಾದರು. 1957ರಲ್ಲಿ ಪ್ರಕಟವಾದ ಅವರ 'ದ ಯೂಸಸ್ ಆಫ್ ಲಿಟರಸಿ' ಕೃತಿಯ ಪೂರ್ವಾರ್ಧದಲ್ಲಿ ಆ ಮನೆಯ ಬೆಂಕಿಯ ಕಾವು, ಊಟದ ವಾಸನೆ, ತಾಯಿಯ ದಣಿದ ಮೈ ಎಲ್ಲವೂ ಇವೆ. ಉತ್ತರಾರ್ಧದಲ್ಲಿ ಅಗ್ಗದ ಪತ್ರಿಕೆಗಳು ಮತ್ತು ಮಾರುಕಟ್ಟೆಯ ಮನರಂಜನೆ ಆ ಸಂಸ್ಕೃತಿಯನ್ನು ಸವೆಸುತ್ತಿವೆ ಎಂಬ ಆತಂಕವಿದೆ. ಹಾಗರ್ಟ್ ಆ ಬದುಕಿನ ಕಷ್ಟಗಳನ್ನು ಮರೆಮಾಚಿದವರಲ್ಲ. ಆದರೂ ಆಮೇಲೆ ಬಂದ ಅಸಂಖ್ಯ ನೆನಪಿನ ಬರಹಗಳು ಅವರ ಒಲೆಯ ಕಾವನ್ನಷ್ಟೇ ಎತ್ತಿಕೊಂಡವು.

ಯುದ್ಧ ಗೆದ್ದ ಮೇಲೂ ತಟ್ಟೆ ತುಂಬಲಿಲ್ಲ. ಯುದ್ಧಕಾಲದಲ್ಲಿ ಪಡಿತರವಿಲ್ಲದಿದ್ದ ಬ್ರೆಡ್ಡಿಗೂ 1946ರ ಜುಲೈನಿಂದ ಎರಡು ವರ್ಷ ಪಡಿತರ ಬಂತು. ಬ್ರಿಟನ್ನಿನವರ ಪ್ರಾಣಕ್ಕೆ ಸಮಾನವಾದ ಚಹಾ 1940ರಿಂದ ಬಹುಕಾಲ ವಾರಕ್ಕೆ ತಲೆಗೆ ಎರಡು ಔನ್ಸ್, ಅಂದರೆ ಐವತ್ತೇಳು ಗ್ರಾಂ ಮಾತ್ರ. ಆ ಚಹಾದ ಬಹುಪಾಲು ನಮ್ಮ ಅಸ್ಸಾಂ, ಬಂಗಾಳಗಳಿಂದ ಮತ್ತು ಸಿಂಹಳದಿಂದ ಹೋಗುತ್ತಿತ್ತು. ಚಹಾ 1952ರಲ್ಲಿ, ಸಿಹಿತಿಂಡಿ ಮತ್ತು ಸಕ್ಕರೆ 1953ರಲ್ಲಿ, ಮಾಂಸ 1954ರ ಜುಲೈನಲ್ಲಿ ಪಡಿತರದಿಂದ ಮುಕ್ತವಾದವು. ಹದಿನಾಲ್ಕು ವರ್ಷಗಳ ಪಡಿತರ ಅದು. 1947ರ ಚಳಿಗಾಲದಲ್ಲಿ ವಾರಗಟ್ಟಲೆ ಹಿಮ ಸುರಿದು ಕಲ್ಲಿದ್ದಲಿನ ಸಾಗಣೆ ನಿಂತು, ವಿದ್ಯುತ್ ಕಡಿತವಾಗಿ, ಲಕ್ಷಾಂತರ ಜನ ತಾತ್ಕಾಲಿಕವಾಗಿ ಕೆಲಸ ಕಳೆದುಕೊಂಡರು. ಕೋಟು ಹೊದ್ದು ಮಲಗಿದ ಆ ರಾತ್ರಿಗಳನ್ನು ಮುದುಕರು ಇಂದು ನಗುತ್ತ ನೆನೆಯುತ್ತಾರೆ.

ಆದರೆ ಅರ್ಥಶಾಸ್ತ್ರಕ್ಕೆ ಇಲ್ಲೊಂದು ಸೋಜಿಗ ಎದುರಾಗುತ್ತದೆ. ಆಹಾರ ಇಷ್ಟು ಬಿಗಿಯಾಗಿದ್ದ 1940ರ ದಶಕದಲ್ಲೇ ಇಂಗ್ಲೆಂಡ್ ಮತ್ತು ವೇಲ್ಸಿನ ಜನರ ಸರಾಸರಿ ಆಯುಸ್ಸು ಆರು ವರ್ಷಕ್ಕೂ ಹೆಚ್ಚು ಏರಿತು. ಅದರ ಹಿಂದುಮುಂದಿನ ದಶಕಗಳಲ್ಲಿ ಏರಿಕೆ ಇದಕ್ಕಿಂತ ಎಷ್ಟೋ ಕಡಿಮೆ. ಈ ಸಂಗತಿಯತ್ತ ನಮ್ಮ ಗಮನ ಸೆಳೆದವರು ಅಮರ್ತ್ಯ ಸೇನ್. ಒಟ್ಟು ಆಹಾರ ಹೆಚ್ಚಾಗಲಿಲ್ಲ, ಹಂಚಿಕೆ ಸಮವಾಯಿತು ಎಂಬುದು ಅವರ ವಿವರಣೆಯ ಸಾರ. ಶ್ರೀಮಂತನಿಗೂ ಗಣಿ ಕಾರ್ಮಿಕನ ಹೆಂಡತಿಗೂ ಒಂದೇ ಪಡಿತರ ಪುಸ್ತಕ. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಹಾಲು, ಕಿತ್ತಳೆ ರಸ, ಕಾಡ್ ಮೀನಿನ ಎಣ್ಣೆ ಪ್ರತ್ಯೇಕವಾಗಿ. 1946ರಿಂದ ಶಾಲೆಯ ಪ್ರತಿ ಮಗುವಿಗೂ ದಿನಕ್ಕೆ ಮೂರನೇ ಒಂದು ಪೈಂಟ್ ಹಾಲು ಉಚಿತ. ಬೀದಿಯ ಹುಡುಗರೆಲ್ಲ ಒಂದೇ ಸಮನಾಗಿ ಬಡವರಾಗಿದ್ದೆವು ಎಂಬ ನೆನಪಿನ ಹಿಂದೆ ಈ ಆಡಳಿತ ವ್ಯವಸ್ಥೆಯಿತ್ತು.

ಇದೇ ಮಾತಿನ ಇನ್ನೊಂದು ಮಗ್ಗುಲನ್ನು ಭಾರತೀಯನಾದವನು ಮರೆಯುವಂತಿಲ್ಲ. ಲಂಡನ್ನಿನ ಅದೇ ಯುದ್ಧ ಸಂಪುಟದ ಅಧೀನದಲ್ಲಿದ್ದ ಬಂಗಾಳದಲ್ಲಿ 1943ರ ಕ್ಷಾಮಕ್ಕೆ ಸುಮಾರು 30 ಲಕ್ಷ ಜನ ಬಲಿಯಾದರು ಎಂಬುದು ಹೆಚ್ಚಿನ ವಿದ್ವಾಂಸರು ಒಪ್ಪುವ ಅಂದಾಜು. ಹಂಚಿಕೆಯ ಶಿಸ್ತು ಎಲ್ಲಿಯವರೆಗೆ ಮುಟ್ಟಬೇಕು, ಎಲ್ಲಿ ನಿಲ್ಲಬೇಕು ಎಂಬುದು ರಾಜಕೀಯ ನಿರ್ಧಾರವಾಗಿತ್ತು. ನಮ್ಮ ನಗರಗಳ ಪಡಿತರ ವ್ಯವಸ್ಥೆ ಹುಟ್ಟಿದ್ದೂ ಆ ಯುದ್ಧದ ವರ್ಷಗಳಲ್ಲೇ. ನಾನು ಸೇವೆಯ ಆರಂಭದಲ್ಲಿ ಕೆಲಕಾಲ ಪಡಿತರ ಚೀಟಿಗಳ ಕೆಲಸ ನೋಡಿದವನು. ಸಾಲಿನಲ್ಲಿ ನಿಂತವರ ಗೊಣಗಾಟ ಕಿವಿಗೆ ಬೀಳುತ್ತದೆ, ಚೀಟಿ ಇರದಿದ್ದರೆ ಹಸಿದಿರುತ್ತಿದ್ದವರ ಮೌನ ಕೇಳಿಸುವುದಿಲ್ಲ ಎಂಬುದನ್ನು ಆ ಕೆಲಸ ಕಲಿಸಿತು.

ಇಷ್ಟೆಲ್ಲ ಮಾಡಿದ ದೇಶ ಆಗ ಶ್ರೀಮಂತವಾಗಿತ್ತೇ ಎಂದರೆ, ಇಲ್ಲ. ಯುದ್ಧ ಮುಗಿದಾಗ ಬ್ರಿಟನ್ನಿನ ಸಾರ್ವಜನಿಕ ಸಾಲ ಅದರ ವಾರ್ಷಿಕ ರಾಷ್ಟ್ರೀಯ ಉತ್ಪನ್ನದ ಎರಡು ಪಟ್ಟಿಗಿಂತಲೂ ಹೆಚ್ಚಿತ್ತು. ಭಾರತಕ್ಕೇ ಅದು ನೂರು ಕೋಟಿ ಪೌಂಡ್‌ಗೂ ಮಿಕ್ಕ ಸ್ಟರ್ಲಿಂಗ್ ಬಾಕಿ ಉಳಿಸಿಕೊಂಡಿತ್ತು. ಅರ್ಥಶಾಸ್ತ್ರಜ್ಞ ಕೇನ್ಸ್ ಅಮೆರಿಕೆಗೆ ಹೋಗಿ 375 ಕೋಟಿ ಡಾಲರ್ ಸಾಲ ತಂದರು. ಆ ಸಾಲದ ಕೊನೆಯ ಕಂತು ತೀರಿದ್ದು 2006ರ ಡಿಸೆಂಬರ್ 29ರಂದು. ಇಂಥ ದಿವಾಳಿಯ ಅಂಚಿನಲ್ಲಿ ನಿಂತು ಕ್ಲೆಮೆಂಟ್ ಆಟ್ಲಿ ಅವರ ಸರ್ಕಾರ ಕಲ್ಯಾಣರಾಜ್ಯವನ್ನು ಕಟ್ಟಿತು. ಅಭಾವ, ರೋಗ, ಅಜ್ಞಾನ, ಕೊಳಕು ವಸತಿ, ನಿರುದ್ಯೋಗ ಎಂಬ ಐದು ದೈತ್ಯರನ್ನು ಗುರುತಿಸಿದ ವಿಲಿಯಂ ಬೆವರಿಜ್ ವರದಿ ಪ್ರಕಟವಾದದ್ದು 1942ರ ಡಿಸೆಂಬರಿನಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ. ಸರ್ಕಾರಿ ವರದಿಯನ್ನು ಕೊಳ್ಳಲು ಜನ ಸಾಲುಗಟ್ಟಿದ್ದರು. ವರದಿಗಳನ್ನು ಬರೆದು ಕಪಾಟಿಗೆ ಸೇರಿಸುವುದನ್ನು ಬಲ್ಲ ನಮ್ಮಂಥವರಿಗೆ ಇದು ನಂಬಲಾಗದ ದೃಶ್ಯ.

ಆ ಕಾಯಿದೆಗಳಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು 1945ರ ಕುಟುಂಬ ಭತ್ಯೆ ಕಾಯಿದೆ. ಮೊದಲ ಮಗುವನ್ನು ಬಿಟ್ಟು ಉಳಿದ ಪ್ರತಿ ಮಗುವಿಗೆ ವಾರಕ್ಕೆ ಐದು ಶಿಲ್ಲಿಂಗ್. ಮಸೂದೆಯ ಮೂಲರೂಪದಲ್ಲಿ ಈ ಹಣ ತಂದೆಗೆ ಸೇರಬೇಕಿತ್ತು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಈ ಭತ್ಯೆಗಾಗಿ ಹೋರಾಡಿದ್ದ ಸಂಸತ್ ಸದಸ್ಯೆ ಎಲಿನಾರ್ ರ‍್ಯಾತ್‌ಬೋನ್ ಹಟ ಹಿಡಿದು ಅದು ತಾಯಿಯ ಕೈಗೇ ಸೇರುವಂತೆ ಮಾಡಿದರು. ನಮ್ಮಲ್ಲಿ ಆಕೆಯ ಹೆಸರು ಬೇರೆ ಕಾರಣಕ್ಕೆ ನೆನಪಾಗುತ್ತದೆ: 1941ರಲ್ಲಿ ಆಕೆ ಭಾರತೀಯರನ್ನು ಉದ್ದೇಶಿಸಿ ಬರೆದ ಬಹಿರಂಗ ಪತ್ರಕ್ಕೆ ರವೀಂದ್ರನಾಥ ಟ್ಯಾಗೋರರು ರೋಗಶಯ್ಯೆಯಿಂದಲೇ ಕಟುವಾದ ಉತ್ತರ ಕೊಟ್ಟಿದ್ದರು. ಸಾಮ್ರಾಜ್ಯದ ವಿಷಯದಲ್ಲಿ ಆಕೆಯ ದೃಷ್ಟಿಗೆ ಮಿತಿಯಿತ್ತು. ಮನೆಯೊಳಗಿನ ಅರ್ಥಶಾಸ್ತ್ರದ ವಿಷಯದಲ್ಲಿ ಮಾತ್ರ ಆಕೆಗೆ ಗೊಂದಲವಿರಲಿಲ್ಲ. ಕುಟುಂಬಕ್ಕೆ ಬಂದ ಆದಾಯವೆಲ್ಲ ಕುಟುಂಬದವರಿಗೆಲ್ಲ ತಲುಪುತ್ತದೆ ಎಂದು ನಮ್ಮ ಪಠ್ಯಪುಸ್ತಕಗಳು ಸುಮ್ಮನೆ ಭಾವಿಸಿಕೊಂಡಿದ್ದವು. ಹಾಗೆ ತಲುಪುವುದಿಲ್ಲವೆಂದು ಆಕೆ 1924ರಲ್ಲೇ ಪುಸ್ತಕ ಬರೆದು ವಾದಿಸಿದ್ದರು. ಭತ್ಯೆಯ ಮೊದಲ ಕಂತು ಕೈಸೇರಿದ್ದು 1946ರ ಆಗಸ್ಟ್‌ನಲ್ಲಿ. ರ‍್ಯಾತ್‌ಬೋನ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯ ಕಥೆಯೂ ಹೀಗೆಯೇ. ಅದಕ್ಕೆ ಮುಂಚೆ 1911ರ ವಿಮೆಯಡಿ ದುಡಿಯುವ ಗಂಡಸಿಗೆ ವೈದ್ಯರ ಸೇವೆ ಸಿಗುತ್ತಿತ್ತು, ಅವನ ಹೆಂಡತಿ ಮಕ್ಕಳಿಗೆ ಸಿಗುತ್ತಿರಲಿಲ್ಲ. ಹೆರಿಗೆಯ ತೊಂದರೆಗಳನ್ನು ವರ್ಷಗಟ್ಟಲೆ ನುಂಗಿಕೊಂಡು ಮೆಟ್ಟಿಲು ತಿಕ್ಕುತ್ತಿದ್ದ ಹೆಂಗಸರು ಆ ಬೇಸಿಗೆಯಲ್ಲಿ ಮೊದಲ ಬಾರಿಗೆ ವೈದ್ಯರ ಬಾಗಿಲು ತಟ್ಟಿದ್ದನ್ನು ಅಂದಿನ ವೈದ್ಯರು ನೆನೆದಿದ್ದಾರೆ. ಕನ್ನಡಕ, ಕೃತಕ ಹಲ್ಲುಗಳಿಗೆ ಬಂದ ಬೇಡಿಕೆ ಖಜಾನೆಯ ಎಣಿಕೆಯನ್ನು ಮೀರಿತು. ಈ ಸೇವೆಯ ಶಿಲ್ಪಿ ಅನ್ಯೂರಿನ್ ಬೆವನ್ ಸ್ವತಃ ವೇಲ್ಸಿನ ಗಣಿ ಕಾರ್ಮಿಕರಾಗಿದ್ದವರು. ಹಲ್ಲು, ಕನ್ನಡಕಗಳಿಗೆ ಶುಲ್ಕ ವಿಧಿಸುವ ನಿರ್ಧಾರವಾದಾಗ, 1951ರಲ್ಲಿ, ಅವರು ಮಂತ್ರಿ ಪದವಿಯನ್ನೇ ತೊರೆದರು.

ಫಲಿತಾಂಶಗಳನ್ನು ಅಳೆದವರೂ ಇದ್ದರು. ಸೀಬೊಮ್ ರೌಂಟ್ರಿ ಯಾರ್ಕ್ ನಗರದ ಕಾರ್ಮಿಕ ವರ್ಗದ ಬಡತನವನ್ನು ಮೂರು ಬಾರಿ ಸಮೀಕ್ಷೆ ಮಾಡಿದವರು. 1936ರಲ್ಲಿ ಆ ವರ್ಗದ ಶೇ 31ರಷ್ಟು ಜನ ಅವರ ಬಡತನದ ರೇಖೆಯ ಕೆಳಗಿದ್ದರು. 1950ರಲ್ಲಿ ಆ ಪ್ರಮಾಣ ಶೇ 3ಕ್ಕೂ ಕಡಿಮೆಯೆಂದು ಅವರು ವರದಿ ಮಾಡಿದರು. ಈ ಲೆಕ್ಕ ಅತಿ ಆಶಾವಾದದ್ದೆಂದು ನಂತರದ ವಿದ್ವಾಂಸರು ತೋರಿಸಿದ್ದಾರೆ. 1965ರಲ್ಲಿ ಏಬೆಲ್-ಸ್ಮಿತ್ ಮತ್ತು ಟೌನ್‌ಸೆಂಡ್ ಬಡತನ ಇನ್ನೂ ಉಳಿದಿದೆಯೆಂದು ಅಂಕಿಅಂಶ ಸಮೇತ ಹೇಳಿ ದೇಶವನ್ನು ಎಚ್ಚರಿಸಿದರು. ಆದರೂ ದಿಕ್ಕಿನ ಬಗ್ಗೆ ಅನುಮಾನವಿಲ್ಲ. 1930ರ ದಶಕದ ಹತಾಶೆಯ ಸಾಲುಗಳಲ್ಲಿ ನಿಂತಿದ್ದ ತಂದೆಯರಿಗೆ 1950ರ ದಶಕದಲ್ಲಿ ಕೆಲಸವಿತ್ತು. ನಿರುದ್ಯೋಗ ಬಹುತೇಕ ಶೇ 2ರ ಆಸುಪಾಸಿನಲ್ಲೇ ಇತ್ತು. ಸುಖದ ನೆನಪುಗಳಲ್ಲಿ ತಂದೆ ಪ್ರತಿ ಶುಕ್ರವಾರ ಸಂಬಳದ ಲಕೋಟೆ ಹಿಡಿದು ಮನೆಗೆ ಬರುತ್ತಾನೆ. ಅವನ ತಂದೆಯ ಕಾಲದಲ್ಲಿ ಆ ಲಕೋಟೆಗೆ ಭರವಸೆಯೇ ಇರಲಿಲ್ಲ.

1990ರ ದಶಕದಲ್ಲಿ ಅಲ್ಪಾವಧಿಯ ತರಬೇತಿಗೆಂದು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ವೃದ್ಧೆ ಹುಟ್ಟಿ ಬೆಳೆದದ್ದು ಇಂಥದೇ ವಠಾರದಲ್ಲಿ. ಹಲವು ಮನೆಗಳಿಗೆ ಒಂದು ನಲ್ಲಿ, ಅಂಗಳದ ಮೂಲೆಯಲ್ಲಿ ಹಂಚಿಕೊಂಡ ಶೌಚಾಲಯ, ಸರದಿಯಂತೆ ಬಳಸುವ ಒಗೆಯುವ ಕೊಠಡಿ. ಸಂಜೆಯ ಚಹಾದ ಹೊತ್ತಿಗೆ ಆಕೆ ಆ ವಠಾರದ ಹಾಡು, ಜಗಳ, ರಾಣಿಯ ಪಟ್ಟಾಭಿಷೇಕದಂದು ಬೀದಿಯಲ್ಲಿ ಮೇಜು ಹಾಕಿ ಉಂಡದ್ದು ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ಅಂಥ ನೆರೆಹೊರೆ ಮತ್ತೆ ಸಿಗಲಿಲ್ಲ ಎಂದು ನಿಟ್ಟುಸಿರಿಡುತ್ತಿದ್ದರು. ಹಾಗಾದರೆ ನಿಮ್ಮ ತಾಯಿಯವರಿಗೂ ವಠಾರ ಬಿಡುವಾಗ ದುಃಖವಾಯಿತೇ ಎಂದು ನಾನೊಮ್ಮೆ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೌನ್ಸಿಲ್ ಮನೆಗೆ ಹೋದ ಮೊದಲ ದಿನ ತಾಯಿ ಸ್ನಾನದ ಮನೆಗೆ ಹೋಗಿ ಅಗುಳಿ ಹಾಕಿಕೊಂಡು ಒಂದು ಗಂಟೆ ಹೊರಗೇ ಬರಲಿಲ್ಲ, ಗಾಬರಿಯಾಗಿ ತಂದೆ ಬಾಗಿಲು ಬಡಿದರು ಎಂದರು. ಮದುವೆಯಾದ ಮೇಲೆ ಆಕೆ ಒಬ್ಬಳೇ ಬಾಗಿಲು ಹಾಕಿಕೊಂಡದ್ದು ಅದೇ ಮೊದಲಿರಬೇಕು ಎಂದೂ ಸೇರಿಸಿದರು. ಮಂಗಳವಾರಗಳಂದು ಅಂಚೆ ಕಚೇರಿಯಿಂದ ತರುತ್ತಿದ್ದ ಭತ್ಯೆಯ ಪುಸ್ತಕವನ್ನು ತಾಯಿ ಚಹಾದ ಡಬ್ಬಿಯ ಹಿಂದೆ ಇಡುತ್ತಿದ್ದರಂತೆ. ಅದನ್ನು ಮುಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲವಂತೆ.

ಬಾಗಿಲು ತೆರೆದಿಡುತ್ತಿದ್ದ ಕಾಲದ ಹೆಮ್ಮೆಯೂ, ಬಾಗಿಲು ಹಾಕಿಕೊಳ್ಳಲು ಸಿಕ್ಕಿದ ನೆಮ್ಮದಿಯೂ ಒಂದೇ ಕುಟುಂಬದವು. ಮೊದಲನೆಯದು ಮಗಳ ನೆನಪು, ಎರಡನೆಯದು ತಾಯಿಯ ಅನುಭವ. ಇಂದು ಅಚ್ಚಾಗುತ್ತಿರುವ ನೆನಪುಗಳೆಲ್ಲ ಅಂದು ಮಕ್ಕಳಾಗಿದ್ದವರವು. ಒಲೆಯ ಕಾವು ಅವರಿಗೆ ಗೊತ್ತು. ಬೆಳಗಿನ ಜಾವ ಎದ್ದು ಬೂದಿ ಬಾಚಿದವರು ತಮ್ಮ ಮಾತನ್ನು ಬರೆದಿಡಲಿಲ್ಲ.

ಈ ಅಂತರವನ್ನು ತೀಕ್ಷ್ಣವಾಗಿ ಎತ್ತಿ ತೋರಿಸಿದ ಕೃತಿ ಇತಿಹಾಸಕಾರ್ತಿ ಕ್ಯಾರೊಲಿನ್ ಸ್ಟೀಡ್‌ಮನ್ ಅವರ 'ಲ್ಯಾಂಡ್‌ಸ್ಕೇಪ್ ಫಾರ್ ಎ ಗುಡ್ ವುಮನ್' (1986). 1947ರಲ್ಲಿ ಹುಟ್ಟಿ ದಕ್ಷಿಣ ಲಂಡನ್ನಿನಲ್ಲಿ ಬೆಳೆದ ಅವರು, ತಮ್ಮ ತಾಯಿ ಹಾಗರ್ಟ್ ಚಿತ್ರಿಸಿದ ಸಂತೃಪ್ತ ತಾಯಿಯಲ್ಲವೆಂದು ನೇರವಾಗಿ ಹೇಳಿದರು. ಆಕೆಗೆ ಆಸೆಗಳಿದ್ದವು, ಅಸೂಯೆಯಿತ್ತು. 1947ರಲ್ಲಿ ಪ್ಯಾರಿಸ್ಸಿನಿಂದ ಬಂದ ಹೊಸ ಶೈಲಿಯ, ಗಜಗಟ್ಟಲೆ ಬಟ್ಟೆ ಬೇಡುವ ಲಂಗ ಆಕೆಗೆ ಬೇಕಾಗಿತ್ತು. ಬಡವರ ತಾಯಿ ಯಾವಾಗಲೂ ತ್ಯಾಗಮಯಿಯಾಗಿಯೇ ಇರಬೇಕೆಂಬ ನಿರೀಕ್ಷೆ ನೆನಪಿನ ಸಾಹಿತ್ಯದ ಒಂದು ಕ್ರೌರ್ಯ. ಅದೇ ಪುಸ್ತಕದಲ್ಲಿ ಸ್ಟೀಡ್‌ಮನ್ ಇನ್ನೊಂದು ಮಾತು ಹೇಳುತ್ತಾರೆ. ಕಿತ್ತಳೆ ರಸ, ಶಾಲೆಯ ಹಾಲು ಮತ್ತು ಊಟ ತಾನೂ ಬದುಕಲು ಹಕ್ಕುಳ್ಳವಳು, ತನಗೂ ಬೆಲೆಯಿದೆ ಎಂಬುದನ್ನು ತನಗೆ ಪರೋಕ್ಷವಾಗಿ ತಿಳಿಸಿದವು ಎಂಬುದು ಅದರ ತಾತ್ಪರ್ಯ. ಸಹಾಯಧನವೆಂದೊಡನೆ ಹುಬ್ಬುಗಂಟಿಕ್ಕುವ ನಮ್ಮ ಹಣಕಾಸು ತಜ್ಞರಿಗೆ ಈ ಒಂದು ಪುಟವನ್ನಾದರೂ ಓದಿಸಬೇಕೆಂದು ನನಗನ್ನಿಸಿದ್ದುಂಟು.

ಸಿಹಿ ನೆನಪಿನಿಂದ ಜಾರಿಹೋದ ಸಂಗತಿಗಳು ಇನ್ನೂ ಇವೆ. ಮನೆ ಬೆಚ್ಚಗಿಟ್ಟ ಅದೇ ಕಲ್ಲಿದ್ದಲು 1952ರ ಡಿಸೆಂಬರಿನಲ್ಲಿ ಐದು ದಿನ ಲಂಡನ್ನನ್ನು ಹೊಗೆಮಂಜಿನಲ್ಲಿ ಮುಳುಗಿಸಿತು. ಅಂದಿನ ಅಂದಾಜಿನಂತೆ ಸುಮಾರು 4,000 ಜನ ಸತ್ತರು. ನಂತರದ ಅಧ್ಯಯನಗಳು ಈ ಸಂಖ್ಯೆ 12,000ದವರೆಗೂ ಇರಬಹುದೆಂದಿವೆ. ಶುದ್ಧ ಗಾಳಿಯ ಕಾಯಿದೆ ಬಂದದ್ದು 1956ರಲ್ಲಿ. ಸರ್ಕಾರಿ ಸೇವೆಯಲ್ಲಿದ್ದ ಹೆಣ್ಣು ಮದುವೆಯಾದರೆ ಕೆಲಸ ಬಿಡಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 1946ರವರೆಗೂ ಜಾರಿಯಲ್ಲಿತ್ತು. ನಿಯಮ ಹೋದರೂ ರೂಢಿ ಬೇಗ ಹೋಗಲಿಲ್ಲ.

ವಸತಿಯ ವಿಷಯ ಇನ್ನೂ ಜಟಿಲ. ಬಾಂಬುಗಳಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಮನೆಗಳು ನಾಶವಾಗಿದ್ದವು. 1946ರ ಬೇಸಿಗೆಯಲ್ಲಿ ಸಾವಿರಾರು ಕುಟುಂಬಗಳು ಖಾಲಿ ಸೈನಿಕ ಶಿಬಿರಗಳಿಗೆ ನುಗ್ಗಿ ವಾಸ ಹೂಡಿದವು. ಸರ್ಕಾರ ಕಾರ್ಖಾನೆಯಲ್ಲಿ ಭಾಗಗಳನ್ನು ತಯಾರಿಸಿ ಜೋಡಿಸುವ ಸುಮಾರು 1,56,000 ತಾತ್ಕಾಲಿಕ ಮನೆಗಳನ್ನು ನಿಲ್ಲಿಸಿತು. ಹತ್ತು ವರ್ಷ ಬಾಳಿದರೆ ಸಾಕೆಂದಿದ್ದ ಅವುಗಳಲ್ಲಿ ಒಳಗೇ ಶೌಚಾಲಯ, ಸ್ನಾನದ ಮನೆ, ಶೀತಕ ಪೆಟ್ಟಿಗೆ ಇದ್ದವು. ಜನ ಅವನ್ನು ಎಷ್ಟು ಹಚ್ಚಿಕೊಂಡರೆಂದರೆ ಲಂಡನ್ನಿನ ಕ್ಯಾಟ್‌ಫರ್ಡ್‌ನಲ್ಲಿ ಕೆಲವು ನಿವಾಸಿಗಳು ಅರುವತ್ತು ವರ್ಷಗಳ ಮೇಲೂ ಅವನ್ನು ಉಳಿಸಿಕೊಳ್ಳಲು ಹೋರಾಡಿದರು. ವಸತಿ ಖಾತೆಯೂ ಬೆವನ್ ಅವರದೇ. ಸಂಖ್ಯೆ ಕಡಿಮೆಯಾದರೂ ಸರಿ, ಕಾರ್ಮಿಕನ ಮನೆ ಕಿರಿದಾಗಬಾರದು ಎಂಬ ಹಟ ಅವರದು. 1951ರ ನಂತರ ಮ್ಯಾಕ್‌ಮಿಲನ್ ವರ್ಷಕ್ಕೆ ಮೂರು ಲಕ್ಷ ಮನೆಗಳ ಗುರಿ ಮುಟ್ಟಿದರು, ಆದರೆ ಮನೆಗಳ ಅಳತೆ ಕುಗ್ಗಿತು. ಗುರಿ ಮತ್ತು ಗುಣದ ಈ ಜಗಳ ವಸತಿ ಇಲಾಖೆಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು.

ಹೊಸ ಮನೆ ಸಿಕ್ಕಾಗ ಏನೋ ಕಳೆದದ್ದೂ ನಿಜ. ಮೈಕೆಲ್ ಯಂಗ್ ಮತ್ತು ಪೀಟರ್ ವಿಲ್ಮಟ್ 1957ರಲ್ಲಿ ಪ್ರಕಟಿಸಿದ ಅಧ್ಯಯನ ಲಂಡನ್ನಿನ ಬೆತ್ನಲ್ ಗ್ರೀನ್ ಬಡಾವಣೆಯದು. ಅಲ್ಲಿ ಮದುವೆಯಾದ ಮಗಳು ತಾಯಿಯ ಮನೆಯಿಂದ ಕೂಗಳತೆಯಲ್ಲೇ ಇರುತ್ತಿದ್ದಳು; ಬಾಣಂತನ, ಮಕ್ಕಳ ಪಾಲನೆ, ಸಾಲ ಎಲ್ಲಕ್ಕೂ ತಾಯಿಯೇ ಆಸರೆ. ನಗರದ ಹೊರಗಿನ ಹೊಸ ಬಡಾವಣೆಗೆ ಹೋದ ಕುಟುಂಬಗಳಿಗೆ ಸ್ನಾನದ ಮನೆ, ತೋಟ ದೊರೆತವು, ಬಂಧುಬಳಗ ದೂರವಾಯಿತು. ಅನಂತರ ಬಂದ ಗಗನಚುಂಬಿ ವಸತಿಗಳ ಕಾಲದಲ್ಲಿ ಅವಸರ ಮತ್ತಷ್ಟು ಹೆಚ್ಚಿತು. 1968ರ ಮೇ 16ರಂದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಗಳ ಹೊಚ್ಚಹೊಸ ಕಟ್ಟಡದ ಒಂದು ಮೂಲೆ ಅಡುಗೆ ಅನಿಲದ ಸ್ಫೋಟಕ್ಕೆ ಕುಸಿದು ನಾಲ್ವರು ಸತ್ತರು. ಹೀಗಾಗಿ ನೆನಪು ಹಂಬಲಿಸುವ ನೆರೆಹೊರೆಯನ್ನು ಭ್ರಮೆಯೆಂದು ತಳ್ಳಿಹಾಕುವುದು ಅನ್ಯಾಯ. ಅದು ಇತ್ತು. ಮನೆ ಕಟ್ಟಿದ ಯೋಜಕರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೆ.

ಆ ನೆರೆಹೊರೆಯ ತೆರೆದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. 1948ರ ಜೂನ್‌ನಲ್ಲಿ 'ವಿಂಡ್‌ರಷ್' ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದವರಿಗೆ, ಅವರ ಹಿಂದೆಯೇ ಬಂದ ಪಂಜಾಬಿ, ಪಾಕಿಸ್ತಾನಿ ಕಾರ್ಮಿಕರಿಗೆ ಬಾಡಿಗೆ ಕೋಣೆ ಸಿಗುವುದೇ ದುಸ್ತರವಾಗಿತ್ತು. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗುತ್ತಿದ್ದ. ಕೌನ್ಸಿಲ್ ಮನೆಗೆ ಅರ್ಜಿ ಹಾಕಲು ಬರ್ಮಿಂಗ್‌ಹ್ಯಾಮ್‌ನಲ್ಲಿ ಐದು ವರ್ಷಗಳ ವಾಸದ ಷರತ್ತಿತ್ತು. ವಸತಿಯಲ್ಲಿ ವರ್ಣಭೇದ ಕಾನೂನುಬಾಹಿರವಾದದ್ದು 1968ರಲ್ಲಿ. ಅದೇ ಗಣಿ, ಗಿರಣಿ ಊರುಗಳ ಜನರ ಆರೋಗ್ಯ ನೋಡಿಕೊಂಡವರಲ್ಲಿ ಭಾರತದಿಂದ ಹೋದ ವೈದ್ಯರ ಪಾಲು ದೊಡ್ಡದು; ಸ್ಥಳೀಯ ವೈದ್ಯರು ಒಲ್ಲದ ಕಡೆ ಅವರು ಚಿಕಿತ್ಸಾಲಯ ನಡೆಸಿದರು. ಅವರಲ್ಲಿ ಕನ್ನಡಿಗರೂ ಇದ್ದರು.

ಮುಂದಿನದು ಇತ್ತೀಚಿನ ಇತಿಹಾಸ. 1971ರಲ್ಲಿ ಮಾರ್ಗರೆಟ್ ಥ್ಯಾಚರ್ ಶಿಕ್ಷಣ ಮಂತ್ರಿಯಾಗಿದ್ದಾಗ ಏಳು ವರ್ಷ ದಾಟಿದ ಮಕ್ಕಳ ಶಾಲಾ ಹಾಲು ನಿಂತಿತು. ಅವರು ಪ್ರಧಾನಿಯಾದ ಮೇಲೆ 1980ರ ವಸತಿ ಕಾಯಿದೆ ಕೌನ್ಸಿಲ್ ಮನೆಗಳನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕನ್ನು ಬಾಡಿಗೆದಾರರಿಗೆ ನೀಡಿತು. ಕೊಂಡವರ ಪಾಲಿಗೆ ಅದು ನಿಜವಾದ ಭಾಗ್ಯ. ಆದರೆ ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. ಅವುಗಳಲ್ಲಿ ಎಷ್ಟೋ ಮನೆಗಳು ಕಾಲಾನಂತರ ಖಾಸಗಿ ಮಾಲೀಕರ ಕೈಸೇರಿ, ಹೆಚ್ಚಿನ ಬಾಡಿಗೆಗೆ ಹೋದವು. ಮೊದಲ ಮಗುವನ್ನಷ್ಟೇ ಬಿಟ್ಟು ಉಳಿದವರಿಗೆಲ್ಲ ಭತ್ಯೆ ಕೊಟ್ಟ ದೇಶ 2017ರಲ್ಲಿ ಮೂರನೆಯ ಮಗುವಿನಿಂದಾಚೆಗೆ ಬಡ ಕುಟುಂಬಗಳಿಗೆ ಸಿಗುವ ನೆರವಿಗೆ ತಡೆ ಹಾಕಿತು. ಅದನ್ನು ತೆಗೆದುಹಾಕುವ ನಿರ್ಧಾರ ಪ್ರಕಟವಾಗಲು 2025ರ ನವೆಂಬರಿನವರೆಗೆ ಕಾಯಬೇಕಾಯಿತು. 1946ರಲ್ಲಿ ಸಾಲದಲ್ಲಿ ಮುಳುಗಿದ್ದಾಗ ಸಾಧ್ಯವಾದದ್ದು, ಎಷ್ಟೋ ಪಟ್ಟು ಶ್ರೀಮಂತವಾದ ಮೇಲೆ ದುಬಾರಿಯಾಗಿ ಕಂಡದ್ದು ಹೇಗೆ ಎಂಬುದು ಅರ್ಥಶಾಸ್ತ್ರಕ್ಕಿಂತ ಮನಸ್ಸಿಗೆ ಸಂಬಂಧಿಸಿದ ಪ್ರಶ್ನೆ.

ಆ ಮನಸ್ಸನ್ನು ರೂಪಿಸುವುದರಲ್ಲಿ ಗತಕಾಲದ ಹಂಬಲಕ್ಕೂ ಪಾಲಿದೆ ಎಂಬುದು ನನ್ನ ಭಾವನೆ. ಬೀಮಿಶ್‌ನ ಮರುನಿರ್ಮಿತ ಬೀದಿಯಲ್ಲಿ ನಡೆಯುವವನ ಕಣ್ಣಿಗೆ ಮನೆ, ಅಂಗಡಿ, ಕರಿದ ಮೀನಿನ ಹೋಟೆಲು ಬೀಳುತ್ತವೆ. ಬಾಡಿಗೆ ನಿಯಂತ್ರಣ, ಪಡಿತರದ ದರ, ತಾಯಿಯ ಹೆಸರಿನ ಭತ್ಯೆ ಕಣ್ಣಿಗೆ ಬೀಳುವಂಥವಲ್ಲ. ಕಾಯಿದೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದು ಕಷ್ಟ. ಹೀಗಾಗಿ ನೋಡಿದವರು ಸುಖದ ಹಿರಿಮೆಯನ್ನೆಲ್ಲ ಅಂದಿನ ಜನರ ಗುಣಕ್ಕೆ ಒಪ್ಪಿಸಿ, ಇಂದಿನ ಬಡವರಲ್ಲಿ ಆ ಗುಣವಿಲ್ಲವೆಂದು ಬೈದು ಹೊರಬರುತ್ತಾರೆ. ಅಂದಿನ ಜನರಲ್ಲಿ ಗುಣವಿತ್ತು, ಸಂಶಯವಿಲ್ಲ. ಅವರ ತಂದೆ ತಾಯಿಯರಲ್ಲೂ, 1930ರ ದಶಕದಲ್ಲಿ, ಅದೇ ಗುಣವಿತ್ತು. ಹಾಗಿದ್ದೂ ಅವರ ಮಕ್ಕಳು ಹಸಿದಿದ್ದರು.

ನಮ್ಮ ಮನೆಗಳಲ್ಲಿಯೂ ಹಿರಿಯರು ಹಳೆಯ ವಠಾರದ, ಪಡಿತರದ ಸಾಲಿನ, ಸರ್ಕಾರಿ ಶಾಲೆಯ ಕಥೆಗಳನ್ನು ಹೇಳುತ್ತೇವೆ. ಹೇಳಬೇಕು, ಮೊಮ್ಮಕ್ಕಳು ಕೇಳಬೇಕು. ಹೇಳುವಾಗ ಆ ಶಾಲೆಯ ಶುಲ್ಕವೆಷ್ಟಿತ್ತು, ಅದನ್ನು ಯಾರು ಭರಿಸಿದರು, ನಲ್ಲಿಯಿಂದ ನೀರು ಹೊತ್ತವರು ಯಾರು, ಆ ವಠಾರದಲ್ಲಿ ಯಾವ ಜಾತಿಯವರಿಗೆ ಮನೆ ಕೊಡುತ್ತಿರಲಿಲ್ಲ ಎಂಬುದನ್ನೂ ಸೇರಿಸಿ ಹೇಳಿದರೆ ಕಥೆಯ ಸವಿಯೇನೂ ಕೆಡುವುದಿಲ್ಲ. ಕೇಳಿದ ಮಗು ನಾಳೆ ಮತದಾರನಾಗುವಾಗ, ನಮ್ಮ ಅಜ್ಜಿ ಏನೂ ಇಲ್ಲದೆ ಸುಖವಾಗಿದ್ದಳು ಎಂಬ ಅರ್ಧಸತ್ಯವನ್ನು ಹೊತ್ತು ಮತಗಟ್ಟೆಗೆ ಹೋಗುವುದಿಲ್ಲ.